ದರೆಯ ಜೇಡದ ಪೊರೆಯನ್ನು ರೆಸಿನ್‌ನಲ್ಲಿ ಹಾಕಿ ಇಡಬಹುದಾ? ಮೂರು ಪೊರೆ ಉಂಟು, ಹಾಳಾಗಬಾರದು

ದರೆಬದಿ, ಮಂಗಳೂರು
ಜುಲೈ 14

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಮ್ಮನ ಮನೆ ಹೆಬ್ರಿ ಹತ್ತಿರ. ಮನೆಯ ಹಿಂದೆ ತೋಟಕ್ಕೆ ಇಳಿಯುವಲ್ಲಿ ಆಳೆತ್ತರದ ದರೆ ಉಂಟು. ಕೆಂಪು ಮಣ್ಣು, ಅಲ್ಲಲ್ಲಿ ಮುರಕಲ್ಲು. ಆ ದರೆಯಲ್ಲಿ ಒಂದು ಬಿಲ, ಬಾಯಿಗೆ ಬಿಳಿ ಬಟ್ಟೆ ಹೊದೆಸಿದ ಹಾಗೆ ಬಲೆ. ನಾಲ್ಕು ವರ್ಷದಿಂದ ಅದರೊಳಗೆ ಒಂದು ದೊಡ್ಡ ಜೇಡ ಇದೆ. ಕಾಲು ಬಿಡಿಸಿದರೆ ನನ್ನ ಅಂಗೈ ತುಂಬಬಹುದು. ರಾತ್ರಿ ಟಾರ್ಚ್ ಬಿಟ್ಟರೆ ಬಿಲದ ಬಾಯಿಯಲ್ಲಿ ಕಾಲಿನ ತುದಿ ಮಾತ್ರ ಕಾಣುತ್ತದೆ. ಮೊದಲು ಹೆದರಿಕೆ ಇತ್ತು. ಈಗ ಊರಿಗೆ ಹೋದರೆ ಅಮ್ಮನ ಮುಖ ನೋಡಿದ ಮೇಲೆ ನಾನು ಹೋಗುವುದು ಆ ದರೆಗೇ.

ವರ್ಷಕ್ಕೊಂದು ಸಲ ಪೊರೆ ಕಳಚಿ ಹೊರಗೆ ತಳ್ಳುತ್ತದೆ. ಮೊದಲನೇ ಸಲ ನೋಡಿದಾಗ ಸತ್ತೇ ಹೋಯಿತು ಅಂತ ತುಂಬ ಬೇಜಾರಾಗಿತ್ತು. ರಾತ್ರಿ ಹೋಗಿ ನೋಡಿದರೆ ಒಳಗೆ ಕಾಲು ಕಂಡಿತು! ಆಗಿನಿಂದ ಪೊರೆ ಹೆಕ್ಕಿ ಬಿಸ್ಕೆಟ್ ಡಬ್ಬಿಯಲ್ಲಿ ಇಡುತ್ತಿದ್ದೇನೆ. ಈಗ ಮೂರು ಆಗಿದೆ. ಹಳೆಯದಕ್ಕೆ ಬೂಸ್ಟು ಹಿಡಿದು ಎರಡು ಕಾಲು ಉದುರಿದೆ. ಎರಡನೆಯದು ಪರವಾಗಿಲ್ಲ. ಈ ಸಲದ್ದು ಎರಡು ವಾರದ ಹಿಂದೆ ಸಿಕ್ಕಿದ್ದು, ಪೂರ್ತಿ ಇದೆ, ಹಲ್ಲು ಸಮೇತ. ಆದರೆ ಒಣಗಿ ಕಾಲೆಲ್ಲ ಒಳಗೆ ಮಡಚಿಕೊಂಡಿದೆ, ಮುಟ್ಟಿದರೆ ಮುರಿಯುತ್ತದೇನೋ ಅನ್ನಿಸುತ್ತದೆ.

ಈಗ ಯಾಕೆ ಅವಸರ ಅಂದರೆ, ಆ ದರೆ ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪ ಜರಿಯುತ್ತಾ ಇದೆ, ಮಳೆ ಮುಗಿದ ಮೇಲೆ ಜೆಸಿಬಿ ತರಿಸಿ ಕಡಿಸಿ ಕಲ್ಲಿನ ಗೋಡೆ ಕಟ್ಟಿಸುವುದು ಅಂತ ಮನೆಯಲ್ಲಿ ಮಾತಾಗಿದೆ. ಜೇಡ ಇರುತ್ತದೋ ಇಲ್ಲವೋ. ಪೊರೆಯಾದರೂ ಸರಿಯಾಗಿ ಉಳಿಯಲಿ ಅಂತ.

ಪರೀಕ್ಷೆಗೆ ಅಂತ ಕಳೆದ ವಾರ ಒಂದು ಜೀರುಂಡೆ ಪೊರೆಯನ್ನು ರೆಸಿನ್‌ನಲ್ಲಿ ಹಾಕಿದೆ. ಆನ್‌ಲೈನ್‌ನಲ್ಲಿ ತರಿಸಿದ ಎಪಾಕ್ಸಿ ಕಿಟ್, ರೆಸಿನ್ ಒಂದು ಬಾಟ್ಲಿ, ಹಾರ್ಡನರ್ ಒಂದು ಬಾಟ್ಲಿ, ಎರಡೂ ಕಲಸಿದರೆ ಗಾಜಿನ ಹಾಗೆ ತಿಳಿಯಾದ ಗಟ್ಟಿ ಪ್ಲಾಸ್ಟಿಕ್ ಆಗಬೇಕು. ಮೂರು ದಿನ ಆದರೂ ಮೇಲ್ಮೈ ಅಂಟಂಟು, ಮಂಜು ಹಿಡಿದ ಹಾಗೆ ಬಿಳಿ, ಒಳಗೆ ಸಾಸಿವೆ ಕಾಳಿನಷ್ಟು ಗುಳ್ಳೆ ತುಂಬ. ಜೇಡದ ಪೊರೆಗೆ ಹೀಗಾದರೆ ನನಗೆ ತಡೆಯಲಿಕ್ಕಿಲ್ಲ.

ಕೇಳುವುದು ಇಷ್ಟು: ಒಣಗಿದ ಪೊರೆಯ ಕಾಲು ಬಿಡಿಸುವುದು ಹೇಗೆ? ಗುಳ್ಳೆ ಬಾರದ ಹಾಗೆ ಮಾಡಲು ಆಗುತ್ತದಾ? ನನ್ನ ಚಿಕ್ಕಪ್ಪನ ಮಗ ಮಲ್ಪೆಯಲ್ಲಿ ಬೋಟಿಗೆ ಹಾಕುವ ರೆಸಿನ್ ಕಮ್ಮಿಗೆ ಸಿಗುತ್ತದೆ, ಅದನ್ನೇ ತಾ ಅನ್ನುತ್ತಾನೆ. ಅದು ಆಗುತ್ತದಾ?


ಮಲ್ಪೆ ಫೈಬರ್
ಜುಲೈ 14

ಅಕ್ಕ, ಬೋಟಿನ ರೆಸಿನ್ ಬೇಡವೇ ಬೇಡ. ನಾನು ಫೈಬರ್ ಕೆಲಸದಲ್ಲೇ ಇರುವವನು, ಹದಿನಾರು ವರ್ಷ ಆಯಿತು. ಈಗ ಜೂನ್ ಜುಲೈ ಮೀನುಗಾರಿಕೆ ನಿಷೇಧ ಅಲ್ವಾ, ಬೋಟೆಲ್ಲ ಮೇಲೆ ಬಂದಿರುತ್ತವೆ, ನಮಗೆ ರಿಪೇರಿ ಕೆಲಸ ಜಾಸ್ತಿ ಇರುವುದೇ ಈಗ. ನಾವು ಹಾಕುವುದು ಪಾಲಿಯೆಸ್ಟರ್ ರೆಸಿನ್. ಬೇಗ ಗಟ್ಟಿಯಾಗಲಿ ಅಂತ ಅದಕ್ಕೆ ಕೋಬಾಲ್ಟ್ ಸೇರಿಸುತ್ತೇವೆ, ಬಣ್ಣ ಸ್ವಲ್ಪ ನೇರಳೆ ಬರುತ್ತದೆ. ಬೋಟಿಗೆ ಅದು ಲೆಕ್ಕಕ್ಕಿಲ್ಲ, ಮೇಲೆ ಜೆಲ್‌ಕೋಟ್ ಅಂತ ಬಣ್ಣದ ಹೊರಪದರ ಇರುತ್ತದೆ. ನಿಮ್ಮ ಪೊರೆ ಅದರೊಳಗೆ ಹೋದರೆ ಬಣ್ಣವೇ ಗೊತ್ತಾಗುವುದಿಲ್ಲ. ಮತ್ತೆ ಅದು ಗಟ್ಟಿಯಾಗುವಾಗ ಕುಗ್ಗುತ್ತದೆ. ದಪ್ಪ ಹಾಕಿದರೆ ಬಿಸಿಯಾಗಿ ಬಿರುಕು ಬಿಡುತ್ತದೆ. ಅದರಲ್ಲಿರುವ ಸ್ಟೈರೀನ್ ಎಂಬ ರಾಸಾಯನಿಕದ ವಾಸನೆ ಮನೆ ಒಳಗೆ ಸಹಿಸಲು ಆಗುವುದಿಲ್ಲ. ಅಚ್ಚು ಹಾಕಲಿಕ್ಕೆ ಅಂತಲೇ ತಿಳಿ ಪಾಲಿಯೆಸ್ಟರ್ ಬೇರೆ ಬರುತ್ತದೆ, ಆದರೆ ಮನೆಯಲ್ಲಿ ಮಾಡುವವರಿಗೆ ಎಪಾಕ್ಸಿಯೇ ಸರಿ.

ನಿಮ್ಮ ಜೀರುಂಡೆ ಅಂಟಂಟಾದದ್ದಕ್ಕೆ ಎರಡು ಕಾರಣ ಇರಬಹುದು. ಉಗುರಿನಿಂದ ಒತ್ತಿ ನೋಡಿ. ಒಳಗೆ ಗಟ್ಟಿ ಇದ್ದು ಮೇಲೆ ಮಾತ್ರ ಎಣ್ಣೆ ಸವರಿದ ಹಾಗೆ, ಮೇಣದ ಹಾಗೆ ಇದ್ದರೆ ಅದು ಗಾಳಿಯ ನೀರು ಮಾಡಿದ ಕೆಲಸ. ಹಾರ್ಡನರ್ ಗಾಳಿಯ ತೇವದ ಜೊತೆ ಸೇರಿ ಮೇಲೆ ಒಂದು ಪದರ ಕಟ್ಟುತ್ತದೆ. ಉಗುರುಬಿಸಿ ನೀರು, ಸೋಪು, ಪಾತ್ರೆ ತಿಕ್ಕುವ ಸ್ಪಂಜು ಹಾಕಿ ತಿಕ್ಕಿದರೆ ಹೋಗುತ್ತದೆ. ತೊಳೆಯದೆ ಮರಳುಕಾಗದ ಹಾಕಬೇಡಿ, ಆ ಜಿಡ್ಡು ಒಳಗೆ ಉಜ್ಜಿದ ಹಾಗೆ ಆಗುತ್ತದೆ. ಒತ್ತಿದರೆ ಒಳಗೂ ಮೆತ್ತಗೆ ಇದ್ದರೆ ಅಳತೆ ತಪ್ಪಿದೆ ಇಲ್ಲವೇ ಸರಿಯಾಗಿ ಕದಡಿಲ್ಲ. ಅದು ಮತ್ತೆ ಗಟ್ಟಿಯಾಗುವುದಿಲ್ಲ, ಬಿಟ್ಟುಬಿಡಿ.

ಇಲ್ಲಿ ಒಂದು ಮುಖ್ಯ ಮಾತು. ಬೋಟಿನ ರೆಸಿನ್‌ಗೆ ಹಾರ್ಡನರ್ ತೊಟ್ಟು ಜಾಸ್ತಿ ಹಾಕಿದರೆ ಬೇಗ ಹಿಡಿಯುತ್ತದೆ, ಕಮ್ಮಿ ಹಾಕಿದರೆ ನಿಧಾನ. ಎಪಾಕ್ಸಿಗೆ ಹಾಗಲ್ಲ. ಅದರಲ್ಲಿ ಎರಡೂ ಒಂದಕ್ಕೊಂದು ಲೆಕ್ಕಕ್ಕೆ ಸೇರಬೇಕು. ಒಂದು ಹೆಚ್ಚಾದರೆ ಉಳಿದದ್ದು ಹಾಗೇ ದ್ರವವಾಗಿ ಒಳಗೆ ಕೂರುತ್ತದೆ. ಬಾಟ್ಲಿ ಮೇಲೆ ತೂಕದ ಲೆಕ್ಕವೋ ಅಳತೆ ಕಪ್ಪಿನ ಲೆಕ್ಕವೋ ನೋಡಿ, ಎರಡೂ ಒಂದೇ ಅಲ್ಲ. ಮೂರು ನಾಲ್ಕು ನಿಮಿಷ ನಿಧಾನ ಕದಡಿ, ಕಪ್ಪಿನ ಬದಿ ಮತ್ತು ತಳ ಕೆರೆಯುತ್ತಾ ಇರಿ, ಆಮೇಲೆ ಇನ್ನೊಂದು ಕಪ್ಪಿಗೆ ಸುರಿದು ಮತ್ತೆ ಒಂದು ನಿಮಿಷ ಕದಡಿ.

ಆದರೆ ಈಗ ಮಾಡಬೇಡಿ ಅಕ್ಕ. ಜುಲೈಯಲ್ಲಿ ನಮ್ಮ ಕಡೆ ಗಾಳಿಯೇ ನೀರು. ನಾವು ಟಾರ್ಪಾಲ್ ಕಟ್ಟಿ ಬಲ್ಬ್ ಉರಿಸಿ ಕೆಲಸ ಮಾಡುತ್ತೇವೆ, ಹೊಟ್ಟೆಪಾಡು. ನಿಮಗೆ ಅವಸರ ಇಲ್ಲ. ಡಿಸೆಂಬರ್ ಬರಲಿ.


ಎಂಟುಕಣ್ಣು, ಮಣಿಪಾಲ
ಜುಲೈ 15

ಮೊದಲು ಒಂದು ಸಂತೋಷದ ಸುದ್ದಿ. ನಿಮ್ಮ ಜೇಡ ಹೆಣ್ಣು ಇರಲೇಬೇಕು. ಇಂಥ ದೊಡ್ಡ, ಮೈತುಂಬ ಕೂದಲಿನ ಜೇಡಗಳಿಗೆ ಟರಾಂಟುಲಾ ಅನ್ನುತ್ತಾರೆ. ಗಂಡು ಟರಾಂಟುಲಾ ಪ್ರಾಯಕ್ಕೆ ಬಂದ ಮೇಲೆ ಸಾಮಾನ್ಯವಾಗಿ ಮತ್ತೆ ಪೊರೆ ಬಿಡುವುದಿಲ್ಲ. ಬಿಲ ಬಿಟ್ಟು ಹೆಣ್ಣನ್ನು ಹುಡುಕಿಕೊಂಡು ಹೊರಟುಹೋಗುತ್ತದೆ, ಹೆಚ್ಚು ಕಾಲ ಬದುಕುವುದಿಲ್ಲ. ಅಷ್ಟು ದೊಡ್ಡದಾದ ಮೇಲೂ ಒಂದೇ ಬಿಲದಲ್ಲಿ ನಾಲ್ಕು ವರ್ಷ ಕೂತು ವರ್ಷ ವರ್ಷ ಪೊರೆ ಬಿಡುತ್ತಿದೆ ಅಂದರೆ ಅದು ಮನೆಯೊಡತಿ.

ಇದನ್ನು ನೀವೇ ಕಣ್ಣಾರೆ ನೋಡಬಹುದು, ಪೊರೆಯಲ್ಲೇ. ರೆಸಿನ್ ಹಾಕುವ ಮೊದಲು ನೋಡಬೇಕು, ಆಮೇಲೆ ಆಗುವುದಿಲ್ಲ. ಹೊಟ್ಟೆಯ ಚರ್ಮ ಸುಕ್ಕಿ ಒಂದು ಸಣ್ಣ ಚಿಂದಿ ಹಾಗೆ ಕಾಣುತ್ತದೆ ಅಲ್ವಾ, ಅದನ್ನು ಬಟ್ಟಲಲ್ಲಿ ಉಗುರುಬಿಸಿ ನೀರಿಗೆ ಒಂದು ತೊಟ್ಟು ಪಾತ್ರೆ ಸೋಪು ಹಾಕಿ ತೇಲಿ ಬಿಡಿ. ಸೋಪು ಯಾಕೆ ಅಂದರೆ ಕೂದಲು ನೀರನ್ನು ಒಳಗೆ ಬಿಡುವುದಿಲ್ಲ. ಹತ್ತು ನಿಮಿಷದಲ್ಲಿ ಚರ್ಮ ಮೆತ್ತಗಾಗುತ್ತದೆ. ಮಕ್ಕಳ ಪೇಂಟಿಂಗ್ ಬ್ರಷ್‌ನಿಂದ ನಿಧಾನ ಬಿಡಿಸಿ. ಒಳಬದಿಯಲ್ಲಿ ನಾಲ್ಕು ಬಿಳಿ ತೇಪೆ ಕಾಣುತ್ತದೆ. ಅದು ಶ್ವಾಸಕೋಶದ ಒಳಪೊರೆ, ಪುಸ್ತಕದ ಹಾಳೆ ಜೋಡಿಸಿದ ಹಾಗೆ ಇರುತ್ತದೆ. ಮುಂದಿನ ಎರಡು ತೇಪೆಗಳ ನಡುವೆ ಒಂದು ಅಡ್ಡ ಗೆರೆ. ಹೆಣ್ಣಾದರೆ ಆ ಗೆರೆಯ ಹತ್ತಿರ ಚರ್ಮದಿಂದ ಎದ್ದು ನಿಂತ ಚಿಕ್ಕ ಕಿಸೆ ಕಾಣಬೇಕು. ಮೊಬೈಲ್ ಕ್ಯಾಮೆರಾ ಸಾಕು, ಹಿಂದಿನಿಂದ ಬೆಳಕು ಬಿಡಿ. ಒಂದು ಪ್ರಾಣಿ ತನ್ನ ಕಣ್ಣಿನ ಮೇಲಿನ ಪದರ, ಶ್ವಾಸಕೋಶದ ಒಳಪದರ ಎಲ್ಲ ಬಿಟ್ಟು ಹೊಸದಾಗಿ ಹೊರಗೆ ಬರುವುದು ಅಂದರೆ ನನಗೆ ಈಗಲೂ ನಂಬಲು ಕಷ್ಟವಾಗುತ್ತದೆ, ಎಷ್ಟು ಸಲ ನೋಡಿದ್ದೇನೋ.

ಕಾಲು ಬಿಡಿಸಲು ನೀರಿಗಿಂತ ಆವಿ ಒಳ್ಳೆಯದು. ಗಟ್ಟಿ ಮುಚ್ಚಳದ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ಒದ್ದೆ ಟಿಶ್ಯೂ, ಅದಕ್ಕೆ ಎರಡು ತೊಟ್ಟು ಡೆಟಾಲ್, ಬೂಸ್ಟು ಬಾರದ ಹಾಗೆ. ಅದರ ಮೇಲೆ ಒಂದು ಚಿಕ್ಕ ಮುಚ್ಚಳ ಇಟ್ಟು ಪೊರೆಯನ್ನು ಮುಚ್ಚಳದ ಮೇಲಿಡಿ, ಟಿಶ್ಯೂಗೆ ತಾಗಬಾರದು. ರಾತ್ರಿ ಇಟ್ಟರೆ ಬೆಳಿಗ್ಗೆ ಕಾಲಿನ ಕೀಲು ಬಗ್ಗುತ್ತದೆ. ಬಗ್ಗದಿದ್ದರೆ ಇನ್ನು ಅರ್ಧ ದಿನ. ಎರಡು ದಿನಕ್ಕಿಂತ ಜಾಸ್ತಿ ಬಿಡಬೇಡಿ. ಆಮೇಲೆ ಥರ್ಮಾಕೋಲ್ ಮೇಲೆ ಇಟ್ಟು ಗುಂಡುಸೂಜಿಗಳನ್ನು ಕಾಲಿನ ಎರಡೂ ಬದಿಯಲ್ಲಿ ಕತ್ತರಿ ಹಾಗೆ ಚುಚ್ಚಿ ಹಿಡಿಸಿ. ಕಾಲಿಗೇ ಚುಚ್ಚಬೇಡಿ. ಬೆನ್ನಿನ ಮುಚ್ಚಳ ತೆರೆದೇ ಇರುತ್ತದೆ, ಜೇಡ ಹೊರಗೆ ಬಂದದ್ದು ಅಲ್ಲಿಂದಲೇ. ಅದನ್ನು ಈಗಲೇ ಮುಚ್ಚಿ ಅಂಟಿಸಬೇಡಿ, ಮುಂದೆ ಬೇಕಾಗುತ್ತದೆ.

ಕೈಗೆ ತುರಿಕೆ ಬರುತ್ತದಾ ಅಂತ ಯಾರಾದರೂ ಹೆದರಿಸಿದರೆ: ಆ ತುರಿಕೆಯ ಕೂದಲು ಇರುವುದು ಅಮೆರಿಕ ಖಂಡಗಳ ಟರಾಂಟುಲಾಗಳಿಗೆ. ನಮ್ಮ ಘಟ್ಟದವುಗಳಿಗೆ ಇಲ್ಲ. ಹಲ್ಲಿನ ತುದಿ ಮಾತ್ರ ಪೊರೆಯಲ್ಲೂ ಸೂಜಿ ಹಾಗೆ ಚೂಪು, ಜಾಗ್ರತೆ.

ಜಾತಿ ಯಾವುದು ಅಂತ ಬಿಲ ನೋಡಿ ಖಂಡಿತ ಹೇಳಲು ಆಗುವುದಿಲ್ಲ. ದರೆಯಲ್ಲಿ ಬಿಲ ಮಾಡುವ ದೊಡ್ಡ ಜೇಡ ಅಂದರೆ ನನಗೆ ಮೊದಲು ನೆನಪಾಗುವುದು ಥ್ರಿಗ್ಮೋಪಿಯಸ್ ಎಂಬ ಟರಾಂಟುಲಾ ಕುಲ. 1899ರಲ್ಲಿ ಪೊಕಾಕ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಹೆಸರಿಟ್ಟದ್ದು, ನಮ್ಮ ಪಶ್ಚಿಮ ಘಟ್ಟದ್ದೇ.

ಇನ್ನೊಂದು. ನೀವು ಹೆಕ್ಕಿದ್ದು ಸ್ವಂತ ಜಾಗದಲ್ಲಿ, ಬಿದ್ದ ಪೊರೆ. ಆದರೆ ಇದನ್ನು ಓದಿ ಬೇರೆ ಯಾರಾದರೂ ಸೋಮೇಶ್ವರ ಅಭಯಾರಣ್ಯದ ಒಳಗೋ ಕುದುರೆಮುಖದಲ್ಲೋ ಹುಡುಕಲು ಹೋಗಬೇಡಿ, ಅಲ್ಲಿಂದ ಅನುಮತಿ ಇಲ್ಲದೆ ಏನೂ ತರುವಂತಿಲ್ಲ. ಪೊರೆ ಬೇಕು ಅಂತ ಜೀವ ಇರುವ ಜೇಡ ಕೊಳ್ಳಲೂ ಹೋಗಬೇಡಿ. ಮರದ ಪೊಟರೆಯಲ್ಲಿ ಇರುವ ನಮ್ಮ ಪೊಯಿಸಿಲೋಥೀರಿಯಾ ಜೇಡಗಳು ಈ ಮಾರಾಟದಿಂದಾಗಿಯೇ 2019ರಲ್ಲಿ ಸೈಟಿಸ್, ಅಂದರೆ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಬೇಕಾಯಿತು.

ಜೆಸಿಬಿ ವಿಷಯ ಓದಿ ಹೊಟ್ಟೆ ಹಿಂಡಿದ ಹಾಗಾಯಿತು. ದರೆ ಪೂರ್ತಿ ಕಡಿಯಲೇಬೇಕಾ? ಪ್ರಾಯದ ಹೆಣ್ಣು ಬಿಲ ಬಿಟ್ಟು ದೂರ ಹೋಗುವುದು ಅಪರೂಪ. ಕಡಿದರೆ ಮಣ್ಣಿನ ಜೊತೆ ಹೋಗುತ್ತದೆ. ಬಿಲದ ಎರಡು ಕಡೆ ಒಂದೊಂದು ಮಾರು ಬಿಟ್ಟರೆ ಸಾಕು. ಮನೆಯವರ ಹತ್ತಿರ ಒಮ್ಮೆ ಕೇಳಿ ನೋಡಿ.


ಲ್ಯಾಬ್ ಮೇಷ್ಟ್ರು, ಉಡುಪಿ
ಜುಲೈ 15

ನಾನು ಕಾಲೇಜಿನ ಜೀವಶಾಸ್ತ್ರ ಲ್ಯಾಬ್‌ನಲ್ಲಿ ಬಹಳ ವರ್ಷ ಇದ್ದವನು. ಪ್ಲಾಸ್ಟಿಕ್ ಗಟ್ಟಿಯೊಳಗೆ ಕೂತ ಚೇಳು, ಏಡಿ ಎಲ್ಲ ನಮ್ಮಲ್ಲೂ ಇದ್ದವು. ಮಕ್ಕಳ ಕೈಯಲ್ಲಿ ಕೊಡಲು ಬಹಳ ಅನುಕೂಲ. ಆದರೆ ಒಂದು ಮಾತು ಹೇಳಲೇಬೇಕು. ಮೂರನ್ನೂ ರೆಸಿನ್‌ಗೆ ಹಾಕಬೇಡಿ. ಒಂದನ್ನಾದರೂ ಹಾಗೇ ಒಣಗಿಸಿ ಇಡಿ.

ರೆಸಿನ್‌ನೊಳಗೆ ಹೋದದ್ದನ್ನು ಮತ್ತೆ ಹೊರಗೆ ತೆಗೆಯಲು ಆಗುವುದಿಲ್ಲ. ಜಾತಿ ಗುರುತಿಸುವವರು ಕಾಲಿನ ಕೂದಲು, ಹಲ್ಲಿನ ಬುಡ, ಆ ಚಿಕ್ಕ ಕಿಸೆಯ ಆಕಾರ ಎಲ್ಲ ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಪೊರೆಯಿಂದ ಡಿಎನ್‌ಎ ಕೂಡ ತೆಗೆಯಲು ಆಗುತ್ತದೆ. ನಾಳೆ ಆ ದರೆ ಇಲ್ಲದೆ ಹೋದರೆ ಅಲ್ಲಿ ಈ ಜೇಡ ಇತ್ತು ಅನ್ನುವುದಕ್ಕೆ ಸಾಕ್ಷಿ ನಿಮ್ಮ ಬಿಸ್ಕೆಟ್ ಡಬ್ಬಿಯಲ್ಲೇ ಇರುವುದು. ಅದಕ್ಕೆ ಒಂದು ಚೀಟಿ ಬರೆಯಿರಿ: ಊರು, ಜಾಗ, ಸಿಕ್ಕಿದ ದಿನ, ಬಿಲ ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಯಾರು ಹೆಕ್ಕಿದ್ದು. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹಬ್ಬುತ್ತದೆ. ಚೀಟಿ ಇಲ್ಲದ ಪೊರೆ ಚಂದದ ವಸ್ತು ಅಷ್ಟೇ.

ಇಡುವುದು ಕಷ್ಟವಲ್ಲ. ರಬ್ಬರ್ ಇರುವ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಜಾತಿಯ ಜೆಲ್ ತೆಗೆದುಕೊಂಡರೆ ಯಾವಾಗ ಮತ್ತೆ ಒಣಗಿಸಬೇಕು ಅಂತ ಗೊತ್ತಾಗುತ್ತದೆ. ನುಸಿಗುಳಿಗೆ ಒಂದು ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ನಮ್ಮ ಕಡೆ ಇರುವೆ ಮತ್ತು ಪುಸ್ತಕ ತಿನ್ನುವ ಬಿಳಿ ಸಣ್ಣ ಹೇನು, ಇವೆರಡು ಒಳಗೆ ಹೋದರೆ ಒಂದು ಮಳೆಗಾಲದಲ್ಲಿ ಕೂದಲು ಬೋಳಿಸಿದ ಹಾಗೆ ಮಾಡಿಬಿಡುತ್ತವೆ. ಬೂಸ್ಟು ಹಿಡಿದ ಹಳೆಯದನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಬ್ರಷ್‌ನಿಂದ ಮೆಲ್ಲಗೆ ತೊಳೆಯಿರಿ. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಕೂದಲೆಲ್ಲ ಅಂಟಿಕೊಳ್ಳುತ್ತದೆ.

ಉದುರಿದ ಎರಡು ಕಾಲು ಉಂಟಲ್ಲ, ಅದನ್ನು ಬಿಸಾಡಬೇಡಿ. ರೆಸಿನ್ ಪರೀಕ್ಷೆಗೆ ಜೀರುಂಡೆಗಿಂತ ಅದೇ ಒಳ್ಳೆಯದು. ರೆಸಿನ್ ತಾಗಿದ ಕೂಡಲೇ ಕೂದಲು ಒದ್ದೆಯಾದ ಹಾಗೆ ಕಪ್ಪಾಗುತ್ತದೆ, ಒಣಗಿದಾಗ ಇದ್ದ ಹೊಳಪು ಇರುವುದಿಲ್ಲ. ಅದು ನಿಮಗೆ ಒಪ್ಪಿಗೆಯಾ ಅಂತ ಕಾಲಿನಲ್ಲಿ ಮೊದಲು ನೋಡಿ.


ದರೆಬದಿ
ಜುಲೈ 21

ಎಲ್ಲರಿಗೂ ತುಂಬ ಥ್ಯಾಂಕ್ಸ್. ಶನಿವಾರ ರಾತ್ರಿ ಎರಡನೆಯ ಪೊರೆಯ ಹೊಟ್ಟೆ ಬಿಡಿಸಿದೆ. ನಾಲ್ಕು ತೇಪೆ ಹಾಲಿನ ಕೆನೆ ಹಾಗೆ ಬಿಳಿ. ನಡುವೆ ಆ ಕಿಸೆ ಉಂಟು! ಮೊಬೈಲ್‌ನಲ್ಲಿ ದೊಡ್ಡದು ಮಾಡಿ ಅಮ್ಮನಿಗೆ ಕಳಿಸಿದೆ. ಹೆಣ್ಣಾ ಅಂತ ಒಂದೇ ಮಾತು ಕೇಳಿದರು. ಆಮೇಲೆ ಸುಮ್ಮನಿದ್ದರು.

ಜೀರುಂಡೆಯನ್ನು ಸೋಪು ಹಾಕಿ ತಿಕ್ಕಿದೆ, ಅಂಟು ಹೋಯಿತು. ಗುಳ್ಳೆ ಹಾಗೇ ಇದೆ. ಮಲ್ಪೆ ಅಣ್ಣ, ಗುಳ್ಳೆಗೆ ಎಂತ ಮಾಡುವುದು? ಮತ್ತೆ ಪೊರೆ ಹಗುರ ಅಲ್ವಾ, ರೆಸಿನ್ ಸುರಿದರೆ ತೇಲಿ ಮೇಲೆ ಬರುವುದಿಲ್ವಾ?


ಮಲ್ಪೆ ಫೈಬರ್
ಜುಲೈ 22

ಬರುತ್ತದೆ. ಅದಕ್ಕೇ ಒಂದೇ ಸಲ ಸುರಿಯಬಾರದು.

ಸಿಲಿಕಾನ್ ಅಚ್ಚಿಗೆ ಮೊದಲು ಮೂರು ನಾಲ್ಕು ಮಿಲಿಮೀಟರ್ ಹಾಕಿ ಬಿಡಿ. ಹಲಸಿನ ಹಣ್ಣಿನ ಮೇಣದ ಹಾಗೆ ಅಂಟುತ್ತದೆ ಆದರೆ ಹರಿಯುವುದಿಲ್ಲ ಅನ್ನುವ ಹದ ಬರುತ್ತದೆ. ಆಗ ಪೊರೆಯನ್ನು ಅದರ ಮೇಲೆ ಕೂರಿಸಿ, ಕಾಲಿನ ತುದಿಗಳು ಹಿಡಿದುಕೊಳ್ಳುತ್ತವೆ. ಕೂರಿಸುವ ಮೊದಲು ಹೊಸದಾಗಿ ಸ್ವಲ್ಪ ರೆಸಿನ್ ಕಲಸಿ ಬ್ರಷ್‌ನಿಂದ ಕೂದಲಿನ ಬುಡಕ್ಕೆಲ್ಲ ಸವರಬೇಕು. ಗಾಳಿ ಸಿಕ್ಕಿಬೀಳುವುದು ಎರಡು ಕಡೆ, ಕೂದಲಿನ ನಡುವೆ ಮತ್ತು ಟೊಳ್ಳಿನ ಒಳಗೆ. ಟೊಳ್ಳಿಗೆ ಮೆಡಿಕಲ್‌ನಲ್ಲಿ ಸಿಗುವ ಸಿರಿಂಜ್, ಸೂಜಿ ತೆಗೆದದ್ದು. ಎಂಟುಕಣ್ಣು ಅವರು ಬೆನ್ನಿನ ಮುಚ್ಚಳ ಅಂಟಿಸಬೇಡಿ ಅಂದದ್ದು ಇದಕ್ಕೇ. ಅಲ್ಲಿಂದ ತೊಟ್ಟು ತೊಟ್ಟು ಬಿಡಿ, ಕಾಲುಗಳ ಒಳಗೆ ತಾನಾಗಿ ಇಳಿಯುತ್ತದೆ, ಪೊರೆಯನ್ನು ಆ ಕಡೆ ಈ ಕಡೆ ವಾಲಿಸಿ ಗಾಳಿಗೆ ದಾರಿ ಕೊಡಿ. ಆಮೇಲೆ ಮುಚ್ಚಳ ಮುಚ್ಚಿ. ಅವಸರ ಮಾಡಿದರೆ ಕಾಲಿನೊಳಗೆ ಬೆಳ್ಳಿ ತಂತಿ ಹಾಗೆ ಗಾಳಿಯ ಗೆರೆ ಉಳಿಯುತ್ತದೆ.

ಕಲಸುವ ಮೊದಲು ರೆಸಿನ್ ಬಾಟ್ಲಿಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನಿಲ್ಲಿಸಿದರೆ ತೆಳ್ಳಗಾಗುತ್ತದೆ, ಗುಳ್ಳೆ ಬೇಗ ಮೇಲೆ ಬರುತ್ತದೆ. ಆದರೆ ಬೇಗ ಹಿಡಿಯಲೂ ಶುರುವಾಗುತ್ತದೆ, ಎಲ್ಲ ತಯಾರಿಟ್ಟುಕೊಂಡೇ ಕಲಸಿ. ಬಾಟ್ಲಿಗೆ ನೀರು ಹೋಗಬಾರದು. ಪೊರೆಯಲ್ಲೂ ಒಂದು ಹನಿ ತೇವ ಇರಬಾರದು, ಇದ್ದರೆ ಅದರ ಸುತ್ತ ಬಿಳಿ ಮಂಜು ಕಟ್ಟುತ್ತದೆ. ಸಿಲಿಕಾ ಜೆಲ್ ಡಬ್ಬಿಯಲ್ಲಿ ಒಂದು ವಾರ ಇಟ್ಟೇ ಮಾಡಿ.

ಮುಂದಿನ ಪದರಗಳು ತೆಳ್ಳಗೆ. ಎಷ್ಟು ದಪ್ಪ ಅಂತ ಬಾಟ್ಲಿ ಮೇಲೆ ಇರುತ್ತದೆ, ಅದನ್ನು ಮೀರಬೇಡಿ. ದಪ್ಪ ಸುರಿದರೆ ಒಳಗೇ ಬಿಸಿ ಏರಿ ಹಳದಿಯಾಗುತ್ತದೆ. ಎಸಿ ಕೋಣೆ ಇದ್ದರೆ ಗಾಳಿ ಒಣಗುತ್ತದೆ, ಒಳ್ಳೆಯದು, ಆದರೆ ತೀರಾ ತಂಪು ಇಡಬೇಡಿ, ಗಟ್ಟಿಯಾಗಲು ನಿಧಾನ.

ಕೈಗೆ ನೈಟ್ರೈಲ್ ಗ್ಲೌಸ್ ಹಾಕಲೇಬೇಕು. ಕಿಟಕಿ ತೆರೆದಿಡಿ, ಅಡಿಗೆಮನೆಯ ಚಮಚ ಬಟ್ಟಲು ಮುಟ್ಟಬೇಡಿ. ನಾನು ಶುರುವಿನಲ್ಲಿ ಗ್ಲೌಸ್ ಇಲ್ಲದೆ ಎಪಾಕ್ಸಿ ಮುಟ್ಟುತ್ತಿದ್ದೆ, ತಾಗಿದ್ದನ್ನು ಥಿನ್ನರ್‌ನಲ್ಲಿ ಒರೆಸುತ್ತಿದ್ದೆ. ಥಿನ್ನರ್ ಅದನ್ನು ಚರ್ಮದ ಒಳಗೇ ಕಳಿಸುತ್ತದೆ ಅಂತ ಆಗ ಹೇಳುವವರು ಇರಲಿಲ್ಲ. ಒಂದು ದಿನ ಮುಂಗೈ ತುಂಬ ಗುಳ್ಳೆ ಎದ್ದವು. ಈಗ ಕಲಸದ ಬಾಟ್ಲಿಯ ಹತ್ತಿರ ನಿಂತರೂ ಕಣ್ಣು ಊದುತ್ತದೆ. ಒಮ್ಮೆ ಆದ ಅಲರ್ಜಿ ಹೋಗುವುದಿಲ್ಲ ಅಕ್ಕ. ತಾಗಿದರೆ ಕೂಡಲೇ ಸೋಪು ನೀರು ಮಾತ್ರ.


ದರೆಬದಿ
ಜನವರಿ 19

ಆರು ತಿಂಗಳಾಯಿತು, ಈಗ ಹೇಳಲು ಏನಾದರೂ ಉಂಟು.

ಮೊದಲು ಉದುರಿದ ಕಾಲು ಹಾಕಿದೆ. ಮೇಷ್ಟ್ರು ಹೇಳಿದ ಹಾಗೆ ಕಪ್ಪಾಯಿತು, ಆ ಬೂದು ಹೊಂಬಣ್ಣದ ಹೊಳಪು ಹೋಯಿತು. ನೋಡಿ ಎರಡು ದಿನ ಯೋಚನೆ ಮಾಡಿದೆ. ಕೊನೆಗೆ ಎರಡನೆಯ ಪೊರೆಯನ್ನು ಮಾತ್ರ ರೆಸಿನ್‌ಗೆ ಹಾಕುವುದು, ಈ ಸಲದ ಪೂರ್ತಿ ಪೊರೆಯನ್ನು ಕಾಲು ಬಿಡಿಸಿ ಚೀಟಿ ಸಮೇತ ಒಣ ಡಬ್ಬಿಯಲ್ಲಿ ಇಡುವುದು ಅಂತ ನಿರ್ಧಾರ ಮಾಡಿದೆ. ಹಳೆಯದು ಸ್ಪಿರಿಟ್‌ನಲ್ಲಿ ತೊಳೆದು ಅದೇ ಡಬ್ಬಿಯಲ್ಲಿ.

ಕ್ರಿಸ್‌ಮಸ್ ರಜೆಯಲ್ಲಿ ನಾಲ್ಕು ಪದರದಲ್ಲಿ ಸುರಿದೆ. ಮುಚ್ಚಳದೊಳಗೆ ತುಂಬಿಸಲು ಒಂದು ಗಂಟೆ ಹಿಡಿಯಿತು. ಎಡಗಡೆಯ ಹಲ್ಲಿನ ಕೆಳಗೆ ಒಂದೇ ಒಂದು ಗುಳ್ಳೆ ಉಳಿದಿದೆ. ಬೆಳಕಿಗೆ ಹಿಡಿದರೆ ಎಂಟು ಕಣ್ಣಿನ ಜಾಗದಲ್ಲಿ ಎಂಟು ಚಿಕ್ಕ ಕಿಟಕಿ ಕಾಣುತ್ತದೆ, ಅದರ ಮೂಲಕ ಬೆಳಕು ಈಚೆ ಬರುತ್ತದೆ. ಇದನ್ನು ಒಣ ಪೊರೆಯಲ್ಲಿ ನಾನು ಗಮನಿಸಿಯೇ ಇರಲಿಲ್ಲ.

ದರೆಯ ವಿಷಯ. ನಾನು ಮಾತೆತ್ತುವ ಮೊದಲೇ ಅಮ್ಮ ಮೇಸ್ತ್ರಿಗೆ ಹೇಳಿಯಾಗಿತ್ತು, ಗೋಡೆ ಈ ಕಡೆಯ ಹಲಸಿನ ಮರದವರೆಗೆ ಸಾಕು, ಅಲ್ಲಿಂದ ಆಚೆ ಮುಟ್ಟಬೇಡಿ, ಅಲ್ಲಿ ಒಂದು ಹೆಣ್ಣು ಇದೆ ಅಂತ. ಮೇಸ್ತ್ರಿಗೆ ಏನು ಅರ್ಥವಾಯಿತೋ. ಜೆಸಿಬಿ ಬಂದು ಹೋಯಿತು. ಕಳೆದ ವಾರ ರಾತ್ರಿ ಟಾರ್ಚ್ ಬಿಟ್ಟು ನೋಡಿದೆ, ಕಾಲಿನ ತುದಿ ಹೊರಗೆ ಇತ್ತು.

ಮಲ್ಪೆ ಅಣ್ಣ, ಒಂದು ಕೊನೆಯ ಪ್ರಶ್ನೆ. ಅಚ್ಚಿನ ಮೇಲ್ಬದಿ ಸ್ವಲ್ಪ ತಗ್ಗು ಉಬ್ಬು ಇದೆ, ಅದನ್ನು ಗಾಜಿನ ಹಾಗೆ ಮಾಡುವುದು ಹೇಗೆ?


ಮಲ್ಪೆ ಫೈಬರ್
ಜನವರಿ 19

ನೀರು ಹಾಕಿ ಉಜ್ಜುವ ಮರಳುಕಾಗದ ತನ್ನಿ, 400, 800, 1200, 2000. ಗಾಜಿನ ಮೇಲೆ ಕಾಗದ ಹಾಸಿ, ನೀರು ಬಿಡುತ್ತಾ ಗಟ್ಟಿಯನ್ನೇ ಅದರ ಮೇಲೆ ಸುತ್ತಿಸಿ ಉಜ್ಜಿ. ಒಂದು ನಂಬರ್‌ನ ಗೀರು ಪೂರ್ತಿ ಹೋದ ಮೇಲೆಯೇ ಮುಂದಿನದು. ಒಣ ಉಜ್ಜಬೇಡಿ, ಧೂಳು ಮೂಗಿಗೆ ಹೋಗಬಾರದು. ಕೊನೆಗೆ ಕಾರಿಗೆ ಹಾಕುವ ರಬ್ಬಿಂಗ್ ಪಾಲಿಶ್, ಹತ್ತಿ ಬಟ್ಟೆಯಲ್ಲಿ. ಕಿಟಕಿ ಬದಿಯಲ್ಲಿ ಇಡಬೇಡಿ ಅಕ್ಕ, ಬಿಸಿಲಿಗೆ ಹಳದಿಯಾಗುತ್ತದೆ.

ಆಗುವುದಾದರೆ ಒಂದು ಫೋಟೊ ಹಾಕಿ. ಆ ಕಣ್ಣಿನ ಕಿಟಕಿ ನನಗೂ ನೋಡಬೇಕು.